ಮ್ಯೂಸಿಯಮ್ಮನ್ನೊಲ್ಲದ ಮಗನೊಡನೆ ರೋಮ್ ನಗರದಲ್ಲಿ

ಹದಿಹರೆಯದ ಮಕ್ಕಳೊಡನೆ ಯೂರೋಪಿನ ಒಂದು ನಗರವನ್ನು ನೋಡಿ ಬರುವುದು ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನ್ನನ್ನು ಕೇಳಿದಾಗ, ಈ ವಿಷಯದಲ್ಲಿ ನನಗಿರುವ ಅಧಿಕಾರವೇನೆಂದು ನಾನೇ ಯೋಚಿಸಬೇಕಾಯಿತು. ನಾನು ದೇಶ ಸುತ್ತಿದವನಲ್ಲ. ಇಪ್ಪತ್ತೆರಡು ವರ್ಷಗಳಿಂದ ಚರಿತ್ರೆಯ ಪಾಠ ಹೇಳಿಕೊಂಡು ಬಂದಿರುವ ಅಧ್ಯಾಪಕ. ನನ್ನ ಮಗನಾದರೋ ಮ್ಯೂಸಿಯಂ ಎಂಬ ಹೆಸರನ್ನು ಕೇಳಿದೊಡನೆಯೆ ಮುಖ ತಿರುಗಿಸತಕ್ಕವನು. ಇವೆರಡೂ ಒಂದೇ ಮನೆಯಲ್ಲಿ ಕೂಡಿ ಬಂದಿರುವುದೇ ನನ್ನ ಅಧಿಕಾರವೆಂದು ತಿಳಿದುಕೊಂಡು ಮಾತನಾಡುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಮೇಲು. 2023ರ ದಸರಾ ರಜದಲ್ಲಿ ನಮ್ಮ ದೇಶದ ಒಂದು ದೊಡ್ಡ ನಗರಕ್ಕೆ ಅವನನ್ನು ಕರೆದುಕೊಂಡು ಹೋಗಿದ್ದೆನು. ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಬೆಳಗ್ಗೆ ಹತ್ತು ಗಂಟೆಗೆ ಹೋದೆವು. ಶಿಲ್ಪಗಳ ಮೂರನೆಯ ಹಜಾರವನ್ನು ದಾಟುವ ಹೊತ್ತಿಗೆ ಹುಡುಗ ಒಂದು ಬೆಂಚಿನ ಮೇಲೆ ಕುಳಿತು ಮೊಬೈಲನ್ನು ತೆಗೆದನು. ನಾನು ಕೋಪವನ್ನು ತಡೆಯಲಾರದೆ ಹತ್ತು ಜನರೆದುರಿಗೆ ಗಟ್ಟಿಯಾಗಿ ಬೈದೆನು. ಅವನು ಎದುರು ಕೂಗಲಿಲ್ಲ. "ಅಪ್ಪ, ಇದನ್ನೆಲ್ಲ ನೋಡಬೇಕು ಅಂತ ಇದ್ದದ್ದು ನಿನಗೆ. ನನ್ನನ್ನ ಯಾಕೆ ಕರಕೊಂಡು ಬಂದೆ?" ಎಂದು ಮೆಲ್ಲಗೆ ಕೇಳಿದನು. ಆ ರಾತ್ರಿ ರೈಲಿನಲ್ಲಿ ಅವನು ಮೇಲಿನ ಬರ್ತಿನಲ್ಲಿ, ನಾನು ಕೆಳಗಿನ ಬರ್ತಿನಲ್ಲಿ. ಊರು ಸೇರುವವರೆಗೆ ಇಬ್ಬರ ನಡುವೆ ಒಂದು ಮಾತಿಲ್ಲ.

ಇಷ್ಟೇ ಆಗಿದ್ದರೆ ಯಾವ ಮನೆಯಲ್ಲಿ ನಡೆಯದ ಸಂಗತಿ ಎಂದು ಬಿಟ್ಟುಬಿಡಬಹುದಾಗಿತ್ತು. ಆದರೆ ರೋಮ್ ನಗರವನ್ನು ಮಗನೊಡನೆ ನೋಡಬೇಕೆಂಬ ಆಸೆಯಿಂದ ನಾನು ಏಳು ವರ್ಷಗಳಿಂದ ಹಣವನ್ನು ಕೂಡಿಡುತ್ತ ಬಂದಿದ್ದೆನು. ಅವನು 2024ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿ ಜೂನ್ ತಿಂಗಳಲ್ಲಿ ಬೇರೆ ಊರಿನ ಕಾಲೇಜಿನ ಹಾಸ್ಟೆಲಿಗೆ ಹೋಗತಕ್ಕವನು. ಆಮೇಲೆ ಅವನು ಮನೆಗೆ ಬರುವುದು ರಜಕ್ಕೆ ಬರುವ ನೆಂಟನಂತೆ ಎಂಬುದನ್ನು ಮಕ್ಕಳನ್ನು ದೂರ ಕಳುಹಿಸಿದ ತಂದೆತಾಯಿಗಳೆಲ್ಲ ಬಲ್ಲರು. ಹಣ ಒಂದೇ ಪ್ರಯಾಣಕ್ಕೆ ಸಾಕು; ಕಾಲವೂ ಒಂದೇ ಮೇ ತಿಂಗಳು. ಅದನ್ನೂ ಬೆಂಚು ಮತ್ತು ಬೈಗುಳಗಳಲ್ಲಿ ಕಳೆಯುವುದೇ ಎಂಬ ಹೆದರಿಕೆ ನನಗೆ ಹುಟ್ಟಿತು.

ಹೀಗಿರುವಾಗ ನನ್ನ ಓದಿನಲ್ಲಿ ಒಂದು ಹಳೆಯ ಲೇಖನದ ವಿಷಯ ತಿಳಿಯಬಂದಿತು. ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬಾತನು 1916ರಲ್ಲಿ ಮ್ಯೂಸಿಯಂ ನೋಡುವವರ ಆಯಾಸವನ್ನೇ ವಿಷಯವಾಗಿಟ್ಟುಕೊಂಡು ಬರೆದನು. ಗಾಜಿನ ಪೆಟ್ಟಿಗೆಯೊಳಗಿನ ಪದಾರ್ಥವನ್ನೂ ಅದರ ಚೀಟಿಯನ್ನೂ ನೋಡುವುದಕ್ಕಾಗಿ ಮನುಷ್ಯನು ಹೇಗೆ ಬಗ್ಗಬೇಕು, ಕುಕ್ಕರಿಸಬೇಕು, ಕತ್ತು ಹೊರಳಿಸಬೇಕು ಎಂಬುದನ್ನು ಛಾಯಾಚಿತ್ರಗಳ ಮೂಲಕ ತೋರಿಸಿ, ದೋಷವಿರುವುದು ನೋಡುವವನಲ್ಲಿ ಅಲ್ಲ, ಇಟ್ಟ ರೀತಿಯಲ್ಲಿ ಎಂದು ಅವನು ವಾದಿಸಿದನು. ಮ್ಯೂಸಿಯಮ್ಮಿನ ಅಧಿಕಾರಿಯೇ ಹೀಗೆ ಒಪ್ಪಿಕೊಂಡಿರುವಾಗ, ಹದಿನೈದು ವರ್ಷದ ಹುಡುಗನ ಬೆಂಚು ಅಷ್ಟು ದೊಡ್ಡ ಅಪರಾಧವೆ?

ಇನ್ನೂ ಒಂದು ಯೋಚನೆ ಬಂದಿತು. ಮ್ಯೂಸಿಯಮ್ಮಿನಲ್ಲಿರುವ ವಸ್ತುಗಳೆಲ್ಲ ತಮ್ಮ ಸ್ಥಳದಿಂದ ಕಿತ್ತು ತಂದವುಗಳು. ದೇವಾಲಯದ ಗೋಡೆಯಿಂದ ಬಂದ ವಿಗ್ರಹ, ಅಡಿಗೆಮನೆಯಿಂದ ಬಂದ ಪಾತ್ರೆ, ಸಮಾಧಿಯಿಂದ ಬಂದ ಒಡವೆ, ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಬೆಳಕಿನಲ್ಲಿ. ನನ್ನಂತಹ ಓದಿದವನು ಆ ಪಾತ್ರೆಯ ಸುತ್ತ ಅಡಿಗೆಮನೆಯನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳುತ್ತಾನೆ. ಓದದ ಹುಡುಗನಿಗೆ ಅದು ಬರಿಯ ಪಾತ್ರೆ. ಅವನಿಗೆ ಬೇಸರವಾಗುವುದು ಹಳೆಯ ಕಾಲದಿಂದಲ್ಲ, ಜಾಗ ತಪ್ಪಿದ ಸಾಮಾನಿನಿಂದ ಇರಬಹುದಲ್ಲವೆ? ಹಾಗಾದರೆ ಸಾಮಾನು ಇನ್ನೂ ಜಾಗದಲ್ಲಿಯೇ ಇರುವ ಊರಿಗೆ ಹೋಗಿ ನೋಡೋಣ ಎಂದುಕೊಂಡೆನು. ರೋಮ್ ನಗರಕ್ಕಿಂತ ಅಂತಹ ಊರು ಮತ್ತಾವುದು?

ನನ್ನ ಹೆಂಡತಿಗೆ ಆ ತಿಂಗಳು ರಜ ದೊರೆಯುವಂತಿರಲಿಲ್ಲ. ನಾನು ಮೂರು ಪುಟಗಳ ಪಟ್ಟಿಯೊಂದನ್ನು ಸಿದ್ಧಮಾಡಿ, ಎಷ್ಟು ಗಂಟೆಗೆ ಎಲ್ಲಿ ಎಂಬುದನ್ನೆಲ್ಲ ಬರೆದು ಅವಳಿಗೆ ತೋರಿಸಿದಾಗ, ಅವಳು ಅದನ್ನು ಓದಿ ಮಡಿಸಿ, "ಇದು ನಿಮ್ಮ ಟೈಮ್ ಟೇಬಲ್ಲು. ಅರ್ಧ ದಿವಸ ಅವನ ಕೈಗೆ ಕೊಡಿ, ಅವನು ಏನು ಮಾಡಿದರೂ ಬಾಯಿ ಬಿಡಬೇಡಿ" ಎಂದಳು. ಈ ಭಾಷಣದಲ್ಲಿ ಏನಾದರೂ ಬುದ್ಧಿವಂತಿಕೆಯ ಮಾತಿದ್ದರೆ ಅದು ಅವಳದು. ಆ ದಿನವೇ ಒಪ್ಪಂದವಾಯಿತು. ಎಂಟು ದಿನ, ಒಂದೇ ನಗರ. ಬೆಳಗಿನ ಹೊತ್ತು ನನ್ನದು, ಆದರೆ ಒಂದೇ ಸ್ಥಳ. ಊಟದ ಮೇಲೆ ಹಗಲು ಅವನದು. ಅವನು ಒಲ್ಲೆನೆಂದರೆ ಒಂದು ಮ್ಯೂಸಿಯಮ್ಮೂ ಇಲ್ಲ.

ಕಾಗದಪತ್ರಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹದಿನೈದು ದಿನ ಉಳಿದಿರುವಾಗ ಹಾಕುವುದು ಕಡೆಯ ಗಡುವು, ಅದನ್ನು ನಂಬಬಾರದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇರಬೇಕು. ತಂದೆತಾಯಿಗಳಲ್ಲಿ ಒಬ್ಬರೇ ಮಗುವಿನೊಡನೆ ಹೊರಡುವುದಾದರೆ ಮತ್ತೊಬ್ಬರ ಒಪ್ಪಿಗೆಯ ಪತ್ರ ಬೇಕು. ಇದು ಗೊತ್ತಿಲ್ಲದೆ ಕಡೆಯ ಗಳಿಗೆಯಲ್ಲಿ ಓಡಾಡುವವರು ಬಹಳ ಮಂದಿ. ಕೊಲಾಸಿಯಮ್ಮಿನ ಟಿಕೆಟನ್ನು ಅವರವರ ಹೆಸರಿನಲ್ಲಿಯೇ ಕೊಡುತ್ತಾರೆ, ಪಾಸ್‌ಪೋರ್ಟು ಕೈಯಲ್ಲಿರಬೇಕು. ಇಟಲಿಯ ಸರಕಾರಿ ಸಂಗ್ರಹಾಲಯಗಳಲ್ಲಿಯೂ ಅವಶೇಷಗಳ ಸ್ಥಳಗಳಲ್ಲಿಯೂ ಹದಿನೆಂಟು ತುಂಬದವರಿಗೆ, ಅವರು ಯಾವ ದೇಶದವರೇ ಆಗಲಿ, ಪ್ರವೇಶ ಉಚಿತ. ಹಣ ಕೊಟ್ಟಿಲ್ಲವಾದ್ದರಿಂದ ಹುಡುಗ ಅರ್ಧ ಗಂಟೆಯಲ್ಲಿ ಹೊರಕ್ಕೆ ಬಂದರೂ ತಂದೆಯ ಹೊಟ್ಟೆ ಉರಿಯುವುದಿಲ್ಲ. ಇದನ್ನು ನಾನು ದೊಡ್ಡ ಅನುಕೂಲವೆಂದೇ ಎಣಿಸುತ್ತೇನೆ.

ರೋಮಿಗೇ ಹೋಗಬೇಕೆಂದು ನಾನು ಹೇಳುವುದಿಲ್ಲ. ಬುಡಪೆಸ್ಟಿನಲ್ಲಿ 1896ರಲ್ಲಿ ಹಾಕಿದ ಸುರಂಗರೈಲು ಇಂದಿಗೂ ಓಡುತ್ತಿದೆ. ಅದರಲ್ಲಿ ಕುಳಿತು ಬಿಸಿನೀರಿನ ಸ್ನಾನಗೃಹಗಳಿಗೆ ಹೋಗಬಹುದು. ವಿಯೆನ್ನಾದಲ್ಲಿ 1897ರ ರಾಟವಾಳವಿದೆ. ಪ್ಯಾರಿಸಿನ ಐಫೆಲ್ ಗೋಪುರದ ಎರಡನೆಯ ಅಂತಸ್ತಿಗೆ ಮೆಟ್ಟಲುಗಳಲ್ಲಿ ಹತ್ತಿದ ಹುಡುಗನು ಆ ಲೆಕ್ಕವನ್ನು ಜೀವಮಾನವೆಲ್ಲ ಹೇಳಿಕೊಳ್ಳುತ್ತಾನೆ. ಮಾಡಬಾರದ ಕೆಲಸವೆಂದರೆ ಎಂಟು ದಿನಗಳಲ್ಲಿ ಇವೆಲ್ಲವನ್ನೂ ನೋಡಹೊರಡುವುದು. ಆಗ ನೋಡುವುದು ವಿಮಾನನಿಲ್ದಾಣಗಳನ್ನು ಮಾತ್ರ.

ಮೊದಲನೆಯ ಬೆಳಗ್ಗೆ ನಾವು ನೋಡಿದ್ದು ನೀರಿನ ನಲ್ಲಿ. ರೋಮಿನ ಬೀದಿಗಳಲ್ಲಿ ಎರಡೂವರೆ ಸಾವಿರದಷ್ಟು ಎರಕದ ಕಬ್ಬಿಣದ ಕಂಬಗಳಿವೆ. 1874ರಿಂದ ಇವನ್ನು ನೆಡುತ್ತ ಬಂದರು. ಬಾಗಿದ ಕೊಳವೆ ಮೂಗಿನಂತಿರುವುದರಿಂದ ಜನರು ಅವನ್ನು ನಾಸೋನಿ, ಎಂದರೆ ದೊಡ್ಡಮೂಗುಗಳು, ಎಂದು ಕರೆಯುತ್ತಾರೆ. ತಣ್ಣನೆಯ ಕುಡಿಯುವ ನೀರು ಹಗಲಿರುಳೂ ಹರಿಯುತ್ತಿರುತ್ತದೆ. ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಅದರ ಬೆನ್ನಿನ ಮೇಲಿರುವ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮಿ ಬಾಯಿಗೇ ಬರುತ್ತದೆ. ಒಬ್ಬ ಮುದುಕಿ ಹೀಗೆ ಕುಡಿಯುತ್ತಿದ್ದುದನ್ನು ನೋಡಿ ಮಗನು ತಾನೂ ಪ್ರಯತ್ನಿಸಿ ನನ್ನ ಅಂಗಿಯನ್ನು ತೋಯಿಸಿದನು. ಆ ಕಂಬಗಳ ಮೇಲೆಯೂ ಚರಂಡಿಯ ಮುಚ್ಚಳಗಳ ಮೇಲೆಯೂ ಎಸ್. ಪಿ. ಕ್ಯೂ. ಆರ್. ಎಂಬ ನಾಲ್ಕು ಅಕ್ಷರಗಳಿರುತ್ತವೆ. ಅದೇನೆಂದು ಅವನೇ ಕೇಳಿದನು. ರೋಮಿನ ಸೆನೆಟ್ ಸಭೆ ಮತ್ತು ಪ್ರಜೆಗಳು ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಎರಡು ಸಾವಿರ ವರ್ಷಗಳ ಹಿಂದಿನ ಗಣರಾಜ್ಯದ ಮುದ್ರೆಯನ್ನು ಇಂದಿನ ಪುರಸಭೆ ತನ್ನ ಚರಂಡಿಯ ಮೇಲೆ ಒತ್ತುತ್ತದೆ. ಆ ವಾರವೆಲ್ಲ ಅವನು ಆ ಅಕ್ಷರಗಳನ್ನು ಎಣಿಸುತ್ತಲೇ ಇದ್ದನು. ನಾನು ತರಗತಿಯಲ್ಲಿ ಒಂದು ಗಂಟೆ ಹೇಳಿದರೂ ಆಗದ ಕೆಲಸ ಒಂದು ಮುಚ್ಚಳದಿಂದ ಆಯಿತು.

ಎರಡನೆಯ ದಿನ ಪ್ಯಾಂಥಿಯಾನ್. ಚಕ್ರವರ್ತಿ ಹೇಡ್ರಿಯನ್ನನ ಕಾಲದಲ್ಲಿ, ಸುಮಾರು ಕ್ರಿ.ಶ. 126ರ ಹೊತ್ತಿಗೆ, ಮುಗಿದ ದೇವಾಲಯ, ಈಗ ಚರ್ಚು. ಅದರ ಗುಮ್ಮಟದ ಅಡ್ಡಳತೆ 43 ಮೀಟರಿಗಿಂತ ತುಸು ಹೆಚ್ಚು, ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ. ಕಬ್ಬಿಣದ ಸರಳು ಹಾಕದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡದು ಇನ್ನೂ ಆಗಿಲ್ಲ. ನೆತ್ತಿಯ ನಡುವೆ ಸುಮಾರು ಒಂಬತ್ತು ಮೀಟರಗಲದ ತೆರೆದ ಕಂಡಿ, ಗಾಜಿಲ್ಲ, ಮುಚ್ಚಳವಿಲ್ಲ. ನಾನು ಏನನ್ನೂ ಹೇಳದೆ ನಿಂತೆನು. ಮಗನು ಮೇಲಕ್ಕೆ ನೋಡಿ, ಕೆಳಕ್ಕೆ ನೋಡಿ, "ಮಳೆ ಬಂದರೆ?" ಎಂದನು. ಮಳೆ ಒಳಕ್ಕೆ ಬೀಳುತ್ತದೆ. ನೆಲ ತುಸು ಉಬ್ಬಿದೆ. ಕಲ್ಲಿನಲ್ಲಿ ಕೊರೆದ ಸಣ್ಣ ತೂತುಗಳಿಂದ ನೀರು ಇಳಿದುಹೋಗುತ್ತದೆ. ಆ ತೂತುಗಳನ್ನು ಹುಡುಕುವುದಕ್ಕೆ ಅವನಿಗೆ ಕಾಲುಗಂಟೆ ಹಿಡಿಯಿತು. ಮೇಲೆ ಹೋದಂತೆ ಗುಮ್ಮಟದ ದಪ್ಪವನ್ನು ಕಡಮೆಮಾಡಿ, ಭಾರವಾದ ಜಲ್ಲಿಯ ಬದಲು ನೀರಿನ ಮೇಲೆ ತೇಲುವಷ್ಟು ಹಗುರವಾದ ಜ್ವಾಲಾಮುಖಿಯ ಕಲ್ಲನ್ನು ಬೆರಸಿದರು ಎಂದು ನಾನು ಹೇಳಿದಾಗ, ಅವನು ಅಲ್ಲಿಯೇ ತನ್ನ ಮೊಬೈಲಿನಲ್ಲಿ ಹುಡುಕಿ ನನಗೇ ಪಾಠ ಹೇಳಿದನು. ರೋಮನ್ ಕಾಂಕ್ರೀಟಿನೊಳಗಿನ ಸುಣ್ಣದ ಹರಳುಗಳು, ಬಿರುಕು ಬಿಟ್ಟಲ್ಲಿ ನೀರು ತಗುಲಿದರೆ ಕರಗಿ ಮತ್ತೆ ಗಟ್ಟಿಯಾಗಿ ಬಿರುಕನ್ನು ತಾವೇ ತುಂಬುತ್ತವೆ ಎಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದರಂತೆ. ನಾನು ಬೈದಿದ್ದ ಮೊಬೈಲು ಅದೇ. ನಾನು ಸುಮ್ಮನೆ ಕೇಳಿದೆನು.

ಅವನ ಅರ್ಧದಿನಗಳ ಸಂಗತಿಯನ್ನೂ ಹೇಳಬೇಕಷ್ಟೆ. ಮೊದಲನೆಯ ಮಧ್ಯಾಹ್ನ ಅವನು ಟೈಬರ್ ನದಿಯಾಚೆಯ ತ್ರಾಸ್ತೇವೆರೆ ಬಡಾವಣೆಗೆ ಹೋಗಿ ಒಂದು ಸಣ್ಣ ಕ್ಷೌರದ ಅಂಗಡಿಯಲ್ಲಿ ಕೂದಲು ಕತ್ತರಿಸಿಕೊಂಡನು. ಎರಡನೆಯ ಮಧ್ಯಾಹ್ನ ಒಂದು ಚೌಕದಲ್ಲಿ ಹುಡುಗರು ಚೆಂಡಾಡುತ್ತಿದ್ದುದನ್ನು ಎರಡು ಗಂಟೆಗಳ ಕಾಲ ನೋಡಿದನು. ಕಡೆಯ ಅರ್ಧ ಗಂಟೆ ಅವರೊಡನೆ ತಾನೂ ಆಡಿದನು. ಒಂದು ದಿನ ಊಟವಾದ ಮೇಲೆ ಏನನ್ನೂ ಮಾಡದೆ ಮಲಗಿದನು. ನನ್ನ ಮನಸ್ಸಿನಲ್ಲಿ ಯೂರೋಗಳ ಲೆಕ್ಕ ಓಡುತ್ತಲೇ ಇತ್ತು. ಒಂದು ಗಂಟೆಯ ರೋಮಿಗೆ ಇಷ್ಟು ರೂಪಾಯಿ, ಅದನ್ನು ನಿದ್ದೆಯಲ್ಲಿ ಕಳೆಯುವುದೆಂದರೇನು? ಎರಡು ಸಲ ಬಾಯಿ ತೆರೆದು ಮುಚ್ಚಿದೆನು. ಆದರೆ ಕ್ಷೌರದ ಅಂಗಡಿಯ ಹೊರಗಿನ ಕುರ್ಚಿಯಲ್ಲಿ ಕೆಲಸವಿಲ್ಲದೆ ಕುಳಿತಿದ್ದಾಗ, ಎದುರುಮನೆಯ ಕಿಟಕಿಯಿಂದ ಕೆಳಕ್ಕೆ ಬುಟ್ಟಿ ಇಳಿಬಿಟ್ಟು ರೊಟ್ಟಿಯನ್ನು ಮೇಲಕ್ಕೆಳೆದುಕೊಂಡ ಹೆಂಗಸನ್ನು ನೋಡಿದೆನು. ನನ್ನ ಮೂರು ಪುಟಗಳ ಪಟ್ಟಿಯಲ್ಲಿ ಅವಳು ಇರಲಿಲ್ಲ.

ಮೂರನೆಯ ಬೆಳಗ್ಗೆ ಕೊಲಾಸಿಯಂ. ಅದನ್ನು ವರ್ಣಿಸತಕ್ಕದ್ದಿಲ್ಲ, ಎಲ್ಲರೂ ಚಿತ್ರದಲ್ಲಿ ಕಂಡಿದ್ದಾರೆ. ಹೊರಗಿನ ಕಮಾನುಗಳ ಮೇಲೆ ಕೊರೆದಿರುವ ದ್ವಾರದ ಸಂಖ್ಯೆಗಳನ್ನು ಮಾತ್ರ ನೋಡಲು ಮರೆಯಬಾರದು. ಎಪ್ಪತ್ತಾರು ಬಾಗಿಲುಗಳಿಗೆ ಸಂಖ್ಯೆಯಿತ್ತು; ಉಳಿದಿರುವ ಭಾಗದಲ್ಲಿ 23ರಿಂದ 54ರವರೆಗೆ ರೋಮನ್ ಅಂಕಿಗಳಲ್ಲಿ ಓದಬಹುದು. ಕ್ರಿಕೆಟ್ ಮೈದಾನದ ಗೇಟಿನಲ್ಲಿ ಟಿಕೆಟ್ ಹಿಡಿದು ನಿಂತಿದ್ದ ಹುಡುಗನಿಗೆ ಇದನ್ನು ವಿವರಿಸುವ ಶ್ರಮವಿಲ್ಲ.

ಅದಕ್ಕಿಂತ ಸ್ವಾರಸ್ಯವಾದ ಸ್ಥಳ ಕೊಲಾಸಿಯಮ್ಮಿನಿಂದ ಐದಾರು ನಿಮಿಷದ ಹಾದಿಯಲ್ಲಿರುವ ಸಂತ ಕ್ಲೆಮೆಂಟನ ಚರ್ಚು. ಬೀದಿಯ ಮಟ್ಟದಲ್ಲಿರುವುದು ಹನ್ನೆರಡನೆಯ ಶತಮಾನದ ಕಟ್ಟಡ. ಅಲ್ಲಿಯ ಐರಿಷ್ ಮಠಾಧಿಕಾರಿ ಮುಲೂಲಿ ಎಂಬಾತನು 1857ರಲ್ಲಿ ನೆಲವನ್ನು ಅಗೆಯಿಸಲು ತೊಡಗಿದಾಗ ಅದರ ಕೆಳಗೆ ನಾಲ್ಕನೆಯ ಶತಮಾನದ ಮತ್ತೊಂದು ಚರ್ಚು ಇಡಿಯಾಗಿ ಸಿಕ್ಕಿತು. ಅದರ ಕೆಳಗೆ ಇನ್ನೂ ಹಳೆಯ ರೋಮನ್ ಮನೆಗಳು, ಇಕ್ಕಟ್ಟಾದ ಓಣಿ, ಮಿಥ್ರನೆಂಬ ದೇವರನ್ನು ಗುಹೆಯಂತಹ ಕೋಣೆಯಲ್ಲಿ ಪೂಜಿಸುತ್ತಿದ್ದ ಸ್ಥಳ. ಈ ಮಿಥ್ರನ ಹೆಸರು ಪರ್ಷಿಯದಿಂದ ಬಂದದ್ದು. ನಮ್ಮ ವೇದದ ಮಿತ್ರನಿಗೆ ಅದು ದಾಯಾದಿ. ಮೆಟ್ಟಲಿಳಿದಂತೆ ಚಳಿ ಹೆಚ್ಚುತ್ತದೆ, ವಾಸನೆ ಬದಲಾಗುತ್ತದೆ, ಕಡೆಯ ಅಂತಸ್ತಿನಲ್ಲಿ ಕತ್ತಲೆಯೊಳಗೆ ನೀರು ಹರಿಯುವ ಸದ್ದು ಕೇಳಿಸುತ್ತದೆ.

ನಡುವಣ ಅಂತಸ್ತಿನ ಗೋಡೆಯ ಮೇಲೆ ಹನ್ನೊಂದನೆಯ ಶತಮಾನದ ಕೊನೆಗಾಲದ ಒಂದು ಚಿತ್ರವಿದೆ. ಸಿಸಿನ್ನಿಯಸ್ ಎಂಬ ಶ್ರೀಮಂತನು ಸಂತನನ್ನು ಹಿಡಿದೆನೆಂಬ ಭ್ರಾಂತಿಯಿಂದ ಒಂದು ಕಲ್ಲಿನ ಕಂಬವನ್ನು ಕಟ್ಟಿಸಿ ಆಳುಗಳಿಂದ ಎಳೆಯಿಸುತ್ತಿದ್ದಾನೆ. ಎಳೆಯಿರೋ ಎಂದು ಅವನು ಆಳುಗಳನ್ನು ಬೈಯುವ ಮಾತು ಅವನ ಪಕ್ಕದಲ್ಲಿಯೇ ಬರೆದಿದೆ, ಅದೂ ಪಂಡಿತರ ಲ್ಯಾಟಿನ್ನಿನಲ್ಲಲ್ಲ, ಬೀದಿಯ ಭಾಷೆಯಲ್ಲಿ. ಇಟಾಲಿಯನ್ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದೆಂದು ಭಾಷಾಶಾಸ್ತ್ರಜ್ಞರು ಗೌರವದಿಂದ ಉದಾಹರಿಸುತ್ತಾರೆ. ಬೈಗುಳವಾದರೋ ರೇಡಿಯೋದಲ್ಲಿ ಹೇಳತಕ್ಕದ್ದಲ್ಲ. ಅರ್ಥ ತಿಳಿದೊಡನೆ ನನ್ನ ಮಗನು ಆ ಗೋಡೆಯನ್ನು ಬಿಟ್ಟು ಕದಲಲಿಲ್ಲ. "ಕಾಮಿಕ್ಸ್ ತರಾನೇ ಇದೆಯಲ್ಲ" ಎಂದನು. ಹೌದು, ಹಾಗೆಯೇ ಇದೆ. ಇಷ್ಟು ಸಲ ಈ ಚಿತ್ರದ ವಿಷಯ ಓದಿದ್ದರೂ ನನಗೆ ಅದು ಹೊಳೆದಿರಲಿಲ್ಲ.

ಅಲ್ಲಿಂದ ಹಿಂದಿರುಗುವಾಗ ಸುರಂಗರೈಲಿನ ಸಾನ್ ಜೊವಾನ್ನಿ ನಿಲ್ದಾಣದ ಮೂಲಕ ಬಂದೆವು. 2018ರಲ್ಲಿ ತೆರೆದ ಈ ಹೊಸ ನಿಲ್ದಾಣವನ್ನು ತೋಡುವಾಗ ಸಿಕ್ಕಿದ ಪದಾರ್ಥಗಳನ್ನೆಲ್ಲ ಅವು ಸಿಕ್ಕಿದ ಆಳದಲ್ಲಿಯೇ ಗೋಡೆಗೆ ಹೊಂದಿಸಿಟ್ಟಿದ್ದಾರೆ. ಮೇಲಿನಿಂದ ಕೆಳಕ್ಕೆ ಇಳಿಯುವಾಗ ಇಷ್ಟು ಮೀಟರು, ಇಂತಹ ಕಾಲ ಎಂದು ಬರೆದಿರುತ್ತದೆ. ಕಾಲ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಒಂದೂವರೆ ಯೂರೋ ಟಿಕೆಟ್ಟಿನಲ್ಲಿ ಗಾಡಿಯೂ ಸೇರಿದೆ. ಮಗನು ನಿಧಾನವಾಗಿ ಎಲ್ಲವನ್ನೂ ಓದುತ್ತ ಇಳಿದನು. ಇದು ಮ್ಯೂಸಿಯಮ್ಮೇ ಅಲ್ಲವೇನಪ್ಪ ಎಂದು ಕೇಳುವ ಆಸೆಯನ್ನು ನಾನು ನುಂಗಿಕೊಂಡೆನು.

ಆಹಾರದ ವಿಷಯದಲ್ಲಿ ಶಾಕಾಹಾರಿಗಳು ಎಚ್ಚರದಿಂದಿರಬೇಕು. ರೋಮಿನ ಹೆಸರಾಂತ ಶಾವಿಗೆಗಳಲ್ಲಿ ಹಂದಿಯ ಕೆನ್ನೆಯ ಮಾಂಸ ಸಾಮಾನ್ಯ. ಸುಪ್ಲಿ ಎಂಬ ಅನ್ನದ ಕರಿದ ಉಂಡೆಯಲ್ಲಿಯೂ ಮಾಂಸವಿರುವುದುಂಟು. ಗಿಣ್ಣಿನ ವಿಷಯದಲ್ಲಿ ಕಟ್ಟುನಿಟ್ಟಾದವರು ಇನ್ನೂ ವಿಚಾರಿಸಬೇಕು. ಪಟ್ಟಿಯನ್ನು ಓದಿ, ಕೇಳಿ, ತರಿಸುವ ಕೆಲಸವನ್ನು ನಾನು ಮಗನಿಗೇ ವಹಿಸಿದೆನು. ಎರಡು ದಿನಗಳಲ್ಲಿ ಅವನು ಅಷ್ಟರಮಟ್ಟಿಗೆ ಇಟಾಲಿಯನ್ ಕಲಿತನು. ತೂಕದ ಮೇಲೆ ಕತ್ತರಿಸಿ ಕೊಡುವ ಪಿಟ್ಸಾ, ಯಹೂದಿಗಳ ಹಳೆಯ ಕೇರಿಯಲ್ಲಿ ಹೂವಿನಂತೆ ಅರಳಿಸಿ ಕರಿದುಕೊಡುವ ಆರ್ಟಿಚೋಕ್, ಇವು ಅವನ ಶೋಧನೆಗಳು. ಬರಿಯ ಗಿಣ್ಣು ಮತ್ತು ಕರಿಮೆಣಸಿನಿಂದ ಮಾಡುವ ಶಾವಿಗೆಯೂ ಒಂದುಂಟು. ಅದನ್ನು ತಿನ್ನುವಾಗ ನನ್ನ ನಾಲಿಗೆ ತುರಿಸಿತು. ಚಕ್ರವರ್ತಿ ಡೊಮಿಷನ್ ಇದೇ ಊರಿನಲ್ಲಿ ಮೆಣಸಿಗಾಗಿಯೇ ಉಗ್ರಾಣವನ್ನು ಕಟ್ಟಿಸಿದ್ದನು. ಆ ಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಹೋದದ್ದು. ಅದರ ಬದಲಿಗೆ ಬಂದ ಬೆಳ್ಳಿ 1891ರಲ್ಲಿ ಯಶವಂತಪುರದ ಬಳಿ ರೋಮನ್ ನಾಣ್ಯಗಳ ರಾಶಿಯಾಗಿ ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಸಿಕ್ಕಿತು. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿ ನಿಲ್ಲಿಸಿದೆನು. "ಯಶವಂತಪುರದಲ್ಲಾ?" ಎಂದು ಅವನು ಒಂದು ಸಲ ಕೇಳಿ ಮತ್ತೆ ತಟ್ಟೆಯ ಕಡೆಗೆ ತಿರುಗಿದನು. ಅಷ್ಟು ಸಾಕು.

ಸಂತ ಪೀಟರನ ಗುಡಿಯ ಗುಮ್ಮಟಕ್ಕೆ 551 ಮೆಟ್ಟಲುಗಳು. ಕಡೆಯ ಭಾಗದಲ್ಲಿ ಗುಮ್ಮಟದ ಎರಡು ಚಿಪ್ಪುಗಳ ನಡುವೆ ಗೋಡೆಯೇ ಓರೆಯಾಗಿ, ನಾವೂ ಓರೆಯಾಗಿ ನಡೆಯಬೇಕು. ಅವನು ನನಗಿಂತ ಹತ್ತು ನಿಮಿಷ ಮೊದಲು ತುದಿಯಲ್ಲಿದ್ದನು. ಅಲ್ಲಿಂದ ಕೆಳಗೆ ನೋಡಿದರೆ ವ್ಯಾಟಿಕನ್ ಮ್ಯೂಸಿಯಮ್ಮುಗಳ ಉದ್ದನೆಯ ಚಾವಣಿಗಳು ಕಾಣುತ್ತವೆ. ಅದರೊಳಗೆ ಏಳು ಕಿಲೋಮೀಟರುಗಳಷ್ಟು ಹಜಾರಗಳು, ಅವುಗಳ ಕೊನೆಯಲ್ಲಿ ಮೈಕೆಲೇಂಜೆಲೊ 1508ರಿಂದ 1512ರವರೆಗೆ ಚಿತ್ರಿಸಿದ ಸಿಸ್ಟೈನ್ ಮಂದಿರದ ಚಾವಣಿ. ಇಪ್ಪತ್ತೆರಡು ವರ್ಷ ಅದನ್ನು ಪಾಠದಲ್ಲಿ ಹೇಳಿದವನು ನಾನು. ಮಾತು ಕೊಟ್ಟಿದ್ದರಿಂದ ಅದನ್ನು ಪಟ್ಟಿಯಿಂದ ಹೊಡೆದುಹಾಕಿದ್ದೆನು. ಅವನನ್ನು ಕೋಣೆಯಲ್ಲಿ ಮಲಗಿಸಿ ಒಬ್ಬನೇ ಹೋಗಿಬರಬಹುದಾಗಿತ್ತು; ಅಪರಿಚಿತ ಊರಿನಲ್ಲಿ ಮನಸ್ಸು ಬರಲಿಲ್ಲ. ವ್ಯಥೆಯಾಗಲಿಲ್ಲವೆಂದು ಹೇಳಲಾರೆನು.

ಶನಿವಾರ ನಗರದ ದಕ್ಷಿಣಕ್ಕಿರುವ ತೆಸ್ತಾಚ್ಚೊ ಎಂಬ ಬಡಾವಣೆಗೆ ಹೋದೆವು. ಅಲ್ಲಿ ಮೂವತ್ತೈದು ಮೀಟರಿನಷ್ಟು ಎತ್ತರದ, ಹುಲ್ಲು ಬೆಳೆದ ಒಂದು ಗುಡ್ಡವಿದೆ. ಅದು ಗುಡ್ಡವಲ್ಲ, ತಿಪ್ಪೆ. ಸ್ಪೇನಿನಿಂದಲೂ ಆಫ್ರಿಕದಿಂದಲೂ ಆಲಿವ್ ಎಣ್ಣೆ ತುಂಬಿ ಬಂದ ಮಣ್ಣಿನ ಭರಣಿಗಳನ್ನು ಬರಿದುಮಾಡಿ, ಒಡೆದು, ನಾತ ಬರದಂತೆ ಸುಣ್ಣ ಎರಚಿ ಒಂದರ ಮೇಲೊಂದು ಪೇರಿಸಿದ ರಾಶಿ. ಕೋಟ್ಯಂತರ ಭರಣಿಗಳ ಓಡು. ಎಷ್ಟೋ ಓಡುಗಳ ಮೇಲೆ ತೂಕ, ವರ್ತಕನ ಹೆಸರು, ವರ್ಷ ಎಲ್ಲ ಮಸಿಯಲ್ಲಿ ಬರೆದಿವೆ. ಮೇಲಕ್ಕೆ ಹತ್ತಬೇಕಾದರೆ ಮುಂಚೆಯೇ ಅನುಮತಿ ಪಡೆಯಬೇಕು. ಆದರೆ ಗುಡ್ಡದ ಬುಡವನ್ನು ಕೊರೆದು ಮಾಡಿದ ಊಟದ ಮನೆಗಳಲ್ಲಿ ಹಿಂದಿನ ಗೋಡೆಗೆ ಗಾಜು ಹಾಕಿ ಓಡಿನ ಪದರಗಳನ್ನು ತೋರಿಸುತ್ತಾರೆ. ಎರಡು ಸಾವಿರ ವರ್ಷದ ಕಸದ ಪಕ್ಕದಲ್ಲಿ ಕುಳಿತು ಊಟಮಾಡಿದೆವು. ಮಗನಿಗೆ ಪರಮ ಸಂತೋಷ.

ಊಟವಾದ ಮೇಲೆ ಹಗಲು ಅವನದಷ್ಟೆ. "ಇಲ್ಲೇ ಹತ್ತಿರ ಒಂದು ಹಳೇ ಪವರ್ ಹೌಸ್ ಇದೆ, ನೋಡಿಬರೋಣ" ಎಂದು ನಕಾಸೆಯನ್ನು ತೋರಿಸಿದನು. ನನಗೆ ಅದು ಏನೆಂದು ಗೊತ್ತಿತ್ತು, ಬಾಯಿ ಬಿಡಲಿಲ್ಲ. ಚೆಸ್ತಿಯಸನ ಪಿರಮಿಡ್ಡನ್ನು ದಾಟಿ ಓಸ್ತಿಯೆನ್ಸೆ ಹೆದ್ದಾರಿಯಲ್ಲಿ ಅರ್ಧ ಗಂಟೆ ನಡೆದೆವು. ಅದು ಮೊಂತೆಮಾರ್ತಿನಿ ಎಂಬ ವಿದ್ಯುಚ್ಛಕ್ತಿಯ ಸ್ಥಾವರ. 1912ರಲ್ಲಿ ರೋಮಿನ ಪುರಸಭೆ ಸ್ಥಾಪಿಸಿದ್ದು, ಎಂದರೆ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ನಾವು ವಿದ್ಯುತ್ತನ್ನು ಕಳುಹಿಸಿದ ಹತ್ತು ವರ್ಷಗಳ ಮೇಲೆ. 1963ರಲ್ಲಿ ಅದು ನಿಂತುಹೋಯಿತು. 1997ರಲ್ಲಿ ಕ್ಯಾಪಿಟಲ್ ಬೆಟ್ಟದ ಮ್ಯೂಸಿಯಂ ದುರಸ್ತಿಗೆ ಬಂದಾಗ ಅಲ್ಲಿಯ ಅಮೃತಶಿಲೆಯ ಮೂರ್ತಿಗಳನ್ನು ತಾತ್ಕಾಲಿಕವಾಗಿ ಇಲ್ಲಿಗೆ ತಂದಿಟ್ಟರು. ಅವು ಇಲ್ಲಿಯೇ ಉಳಿದವು. ಬಾಗಿಲ ಮೇಲಿನ ಹಲಗೆಯನ್ನು ಓದಿದ ಮಗನು ನನ್ನ ಮುಖವನ್ನು ನೋಡಿದನು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಬೇಡ ಅಂದರೆ ವಾಪಸು ಹೋಗೋಣ."

"ಇಂಜಿನ್ ಮಾತ್ರ ನೋಡೋದು" ಎಂದು ಒಳಕ್ಕೆ ಹೋದನು.

ಇಂಜಿನ್ ಎಂದರೆ ತಲಾ 7,500 ಅಶ್ವಶಕ್ತಿಯ ಎರಡು ಡೀಸೆಲ್ ಯಂತ್ರಗಳು. ಮನೆಯಷ್ಟು ಎತ್ತರ, ಕಡುಕಪ್ಪು ಬಣ್ಣ, ಏಣಿಗಳು, ಚಕ್ರಗಳು. ಅವುಗಳ ಮುಂದೆ ಸಾಲಾಗಿ ಬಿಳಿಯ ದೇವತೆಗಳು. ಅವನು ಯಂತ್ರದ ಸುತ್ತ ಸುತ್ತಿ ಹೊಗೆಯ ಕೊಳವೆ ಎಲ್ಲಿ, ಎಣ್ಣೆ ಎಲ್ಲಿ ಎಂದು ನನಗೆ ತೋರಿಸುತ್ತ ಹೋದನು. ಮೂರ್ತಿಗಳನ್ನು ದಾರಿಗೆ ಅಡ್ಡವಾದ ಜನರನ್ನು ನೋಡುವಂತೆ ನೋಡುತ್ತಿದ್ದವನು, ಒಂದರ ಮುಂದೆ ನಿಂತನು. ಟೋಗಾ ಉಟ್ಟ ಒಬ್ಬ ರೋಮನ್ ಗೃಹಸ್ಥ, ಎರಡು ಕೈಗಳಲ್ಲಿ ಎರಡು ತಲೆಗಳನ್ನು ಹಿಡಿದಿದ್ದಾನೆ.

"ಯಾರ ತಲೆ?"

"ಅವನ ಪೂರ್ವಿಕರದು. ಅಪ್ಪ, ತಾತ ಇರಬಹುದು. ಸತ್ತವರ ಮುಖದ ಅಚ್ಚನ್ನು ಮನೆಯಲ್ಲಿಟ್ಟುಕೊಂಡು, ಮನೆಯಲ್ಲಿ ಯಾರಾದರೂ ಸತ್ತಾಗ ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು." ಆಮೇಲೆ, ಹೇಳಬೇಕೋ ಬೇಡವೋ ಎಂದು ಅನುಮಾನಿಸುತ್ತ, "ಅವನ ಸ್ವಂತ ತಲೆ ಮಾತ್ರ ಅವನದಲ್ಲ. ಒಡೆದುಹೋಗಿತ್ತು, ಬೇರೆ ಮೂರ್ತಿಯ ಹಳೆಯ ತಲೆಯನ್ನು ತಂದು ಕೂರಿಸಿದ್ದಾರೆ" ಎಂದೆನು.

ಅವನು ಬಹಳ ಹೊತ್ತು ನೋಡಿದನು. "ಹಾಗಾದರೆ ಅಪ್ಪನ ತಲೆ, ತಾತನ ತಲೆ ಸರಿಯಾಗಿದೆ, ಅವನ ತಲೆ ಮಾತ್ರ ಇಲ್ಲ" ಎಂದನು. ನಗುತ್ತಾನೆಂದುಕೊಂಡೆನು, ನಗಲಿಲ್ಲ. ನಾನೂ ಏನನ್ನೂ ಹೇಳಲಿಲ್ಲ. ಆಮೇಲೆ ಮತ್ತೆ ಯಂತ್ರದ ಹತ್ತಿರಕ್ಕೆ ಹೋಗಿ ಅದರ ತಯಾರಿಕೆಯ ಫಲಕದ ಚಿತ್ರವನ್ನು ತೆಗೆದುಕೊಂಡನು.

ಸಂಜೆ ಗಾಡಿಗೆ ಕಾಯುತ್ತಿದ್ದಾಗ, "ಅಪ್ಪ, ನಿನ್ನ ಆ ಚಾವಣಿ ಇದೆಯಲ್ಲ, ನಾಳೆ ಹೋಗಿ ನೋಡೋಣವಾ? ನಾನು ಬರ್ತೀನಿ" ಎಂದನು. ನಾಳೆ ಭಾನುವಾರ. ವ್ಯಾಟಿಕನ್ ಮ್ಯೂಸಿಯಮ್ಮುಗಳನ್ನು ತಿಂಗಳ ಕಡೆಯ ಭಾನುವಾರ ಹೊರತು ಮಿಕ್ಕ ಭಾನುವಾರಗಳಲ್ಲಿ ಮುಚ್ಚಿರುತ್ತಾರೆ. ಇದು ಕಡೆಯ ಭಾನುವಾರವಲ್ಲ. ಸೋಮವಾರ ಮುಂಜಾನೆ ನಮ್ಮ ವಿಮಾನ. ಹೀಗೆಂದು ಹೇಳಿದಾಗ ಅವನ ಮುಖ ಪೆಚ್ಚಾಯಿತು. ನನಗೇ ಅವನನ್ನು ಸಮಾಧಾನಪಡಿಸಬೇಕಾಯಿತು.

ಭಾನುವಾರ ಅದರ ಬದಲು ಜಾನಿಕೊಲೊ ಬೆಟ್ಟವನ್ನು ಹತ್ತಿದೆವು. ನಗರದ ಚರ್ಚುಗಳೆಲ್ಲ ಒಂದೇ ಹೊತ್ತಿಗೆ ಮಧ್ಯಾಹ್ನದ ಗಂಟೆ ಬಾರಿಸಲೆಂದು ಒಂಬತ್ತನೆಯ ಪಯಸ್ ಪೋಪನು 1847ರಲ್ಲಿ ದಿನವೂ ಫಿರಂಗಿ ಹಾರಿಸುವ ಪದ್ಧತಿಯನ್ನು ತಂದನು. 1904ರಿಂದ ಅದನ್ನು ಈ ಬೆಟ್ಟದಿಂದ ಹಾರಿಸುತ್ತಾರೆ. ಕಟಕಟೆಯ ಬಳಿ ಇಟಲಿಯ ತಂದೆಗಳು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ನನ್ನ ಮಗ ನನಗಿಂತ ಎರಡು ಅಂಗುಲ ಎತ್ತರವಾಗಿದ್ದುದರಿಂದ ನಾವು ಅಕ್ಕಪಕ್ಕದಲ್ಲಿ ನಿಂತೆವು. ಫಿರಂಗಿ ಹಾರಿತು, ಕೆಳಗಿನ ನಗರದಲ್ಲಿ ಗಂಟೆಗಳು ತೊಡಗಿದವು. ಅವನು ನನ್ನ ಕೈಯನ್ನು ಹಿಡಿದು ತಿರುಗಿಸಿ ಗಡಿಯಾರವನ್ನು ನೋಡಿ, "ನಿನ್ನದು ಎರಡು ನಿಮಿಷ ಹಿಂದಿದೆ" ಎಂದು ಮುಳ್ಳನ್ನು ಸರಿಪಡಿಸಿದನು.